ನಲವತ್ತೊಂದು ಕಾಯಿಲೆಗಳ ಚೀಟಿ

ಮುಲಾಮು ಮನೆಯ ಹಿಂಬದಿ ಕೋಣೆ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲುಗಳನ್ನು ಬೈಯುತ್ತಲೇ ಹತ್ತುತ್ತೀರಂತೆ. ಕೇಳಿ ಸಮಾಧಾನವಾಯಿತು, ಆರೋಗ್ಯ ಸರಿಯಿದೆ ಎಂದರ್ಥ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮುಲಾಮು ಕಾಯಿಸುವ ತಾಮ್ರದ ಹಂಡೆ ಮಾತ್ರ ನೀವು ಮುನಿಸಿಕೊಂಡು ಹೋದಾಗಿನಿಂದ, ಹದಿನೆಂಟು ದಿನವಾಗಿ, ತಣ್ಣಗೆ ಕೂತಿದೆ. ಡಬ್ಬಿ ತುಂಬುವ ಚಿಕ್ಕಮ್ಮ ದಿನಾ ಬಂದು ಖಾಲಿ ಡಬ್ಬಿಗಳನ್ನೇ ಒರೆಸಿಟ್ಟು ಹೋಗುತ್ತಾರೆ. ಕೈಯಲ್ಲಿ ಕರ್ಪೂರದ ವಾಸನೆ ಹೋಗಿ, ಮನೆಯ ಬೆಕ್ಕು ಹತ್ತಿರ ಬರತೊಡಗಿದೆಯಂತೆ. ಅದನ್ನೂ ದೂರಿನ ಹಾಗೇ ಹೇಳಿದರು.

ತಪಾಸಣೆಯ ಅಧಿಕಾರಿ ಶುಕ್ರವಾರ ಮತ್ತೆ ಬರುತ್ತಾರೆ. ಕೆಟ್ಟ ಮನುಷ್ಯನಲ್ಲ ಅಪ್ಪಾ. ನಮ್ಮ ಡಬ್ಬಿಯ ಮೇಲಿನ ಚೀಟಿಯ ನಲವತ್ತೊಂದು ಕಾಯಿಲೆಗಳನ್ನೂ ಭೂತಗನ್ನಡಿ ಹಿಡಿದು ಕೊನೆಯವರೆಗೆ ಓದಿದ ಮೊದಲ ಓದುಗ ಅವರೇ. ಪುರಾವೆಯಿರುವ ಮೂರನ್ನು ಉಳಿಸಿ ಮಾಲೀಕರಾದ ನೀವು ಸಹಿ ಹಾಕಿದರೆ ಪರವಾನಗಿ, ಇಲ್ಲದಿದ್ದರೆ ಬೀಗ. ನೀವು ಅವತ್ತು, "ಒಂದೊಂದಕ್ಕೂ ಕಾಗದ ಬಂದಿದೆ ಕಣೋ. ಜನ ಸುಳ್ಳು ಬರೀತಾರಾ?" ಅಂದವರೇ ಚಪ್ಪಲಿ ಮೆಟ್ಟಿ ಹೊರಟಿರಿ.

ನಿಮ್ಮ ಟ್ರಂಕು ತೆಗೆದು ಆ ಕಾಗದಗಳನ್ನೆಲ್ಲ ಓದಿದೆ. ಯಾರಾದರೂ ಹೊಸದೊಂದು ನೋವು ವಾಸಿಯಾಯಿತೆಂದು ಬರೆದರೆ ಅದನ್ನು ಚೀಟಿಗೆ ಸೇರಿಸುವುದು, ಅವರಿಗೊಂದು ಡಬ್ಬಿ ಕಳಿಸಿ ಕಾಗದದ ಬೆನ್ನಿಗೆ ಗುರುತು ಹಾಕುವುದು, ಈ ನಿಮ್ಮ ಪದ್ಧತಿಯನ್ನು ನೀವೇ 'ಚೀಟಿಕವಿ' ಎಂದು ಹೆಸರಿಟ್ಟ ನಾನು ಎಷ್ಟು ಗೇಲಿ ಮಾಡಿದ್ದೇನೆ. ಈಗ ಗೇಲಿ ಬರುತ್ತಿಲ್ಲ. ಹೊಲಿಗೆಯಾಕೆಯೊಬ್ಬಳು ಕುತ್ತಿಗೆ ನೋವು ಹೋಯಿತೆಂದು ಬರೆದು, ಗಂಡ ಮೊದಲ ಸಲ ಪಕ್ಕದಲ್ಲಿ ಕೂತು ಹಚ್ಚಿದರು ಎಂದು ಅಂಚಿನಲ್ಲಿ ಸೇರಿಸಿದ್ದಾಳೆ. ಹಡಗಿನ ಅಡುಗೆಯವನಿಗೆ ವಾಸನೆ ನೋಡಿದರೆ ಸಾಕು, ಮನೆ ನೆನಪಾಗಿ ನಿದ್ದೆ ಬರುತ್ತಿತ್ತಂತೆ. ಚೀಟಿಯಲ್ಲಿ ಅದು 'ನಿದ್ರಾಹೀನತೆ' ಆಗಿದೆ. ಜನ ಸುಳ್ಳು ಬರೆದಿಲ್ಲ ಅಪ್ಪಾ. ಆದರೆ ಅಧಿಕಾರಿಯ ಕಾಗದದಲ್ಲಿ ಗಂಡನಿಗೂ ಮನೆಗೂ ಕಾಲಂ ಇಲ್ಲ.

ತಲೆನೋವು, ನೆಗಡಿ, ಮೈಕೈನೋವು ಉಳಿಸಿ ಹೊಸ ಚೀಟಿ ಬರೆದಿದ್ದೇನೆ. ಮಿಕ್ಕ ಜಾಗಕ್ಕೆ ಎರಡು ಸಾಲು: "ಹಚ್ಚಿ ನೋಡಿ ಹಣೆಗೆ, ನಗು ಬಂದೀತು ಮನೆಗೆ." ನೀವು, "ಪ್ರಾಸ ಹಚ್ಕೊಂಡ್ರೆ ನೆಗಡಿ ಹೋಗುತ್ತೇನೋ?" ಎನ್ನುತ್ತೀರಿ, ಗೊತ್ತು.

ಅಕ್ಕ ಭಾವನಿಗೆ ನನ್ನ ನೆನಪು ತಿಳಿಸಿ, ನಿಮ್ಮ ಬೈಗುಳಕ್ಕೆ ಮೆಟ್ಟಿಲುಗಳಲ್ಲಿ ನನ್ನ ಕ್ಷಮೆಯಾಚನೆ.

ನಿಮ್ಮ ಮಗ,
ಚೀಟಿಕವಿ

ಹೇಳಲು ಮರೆತೆ: ಹಳೆಯ ಚೀಟಿಯಲ್ಲಿ ಹನ್ನೆರಡನೆಯದು 'ಪರೀಕ್ಷೆಯ ಭಯ'. ಎಡಗೈಯಲ್ಲಿ ಬರೆದ, ಹೆಸರಿಲ್ಲದ ಕಾಗದ. ನಿಮ್ಮ ಚೀಟಿಯಲ್ಲಿ ನನ್ನದೂ ಒಂದಿರಲಿ ಎಂದು ಹತ್ತನೇ ವಯಸ್ಸಿನಲ್ಲಿ ನಾನೇ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದ್ದೆ. ಅದರ ಬೆನ್ನಿಗೆ ನಿಮ್ಮ ಅಕ್ಷರದಲ್ಲಿದೆ: "ಡಬ್ಬಿಯನ್ನು ಮಗನ ಶಾಲೆ ಚೀಲದಲ್ಲಿ ಇಟ್ಟಾಯಿತು." ನಾನು ಬರೆದದ್ದು ಸುಳ್ಳಲ್ಲ. ಪರೀಕ್ಷೆಯ ಬೆಳಿಗ್ಗೆ ನೀವು ಹಣೆಗೆ ಹಚ್ಚಿದ ಮೇಲೆ ಭಯ ಹೋಗಿತ್ತು. ನಿಮ್ಮ ಆ ಕೈಯನ್ನು ಡಬ್ಬಿಗೆ ತುಂಬಲಾಗದೆಂದು ಚೀಟಿಯಿಂದ ಆ ಸಾಲನ್ನೇ ಮೊದಲು ಹೊಡೆದುಹಾಕಿದೆ. ಶುಕ್ರವಾರ ಅಧಿಕಾರಿಯ ಎದುರು ಒಬ್ಬನೇ ಕೂರಲು ಅದೇ ಹಳೆಯ ಭಯ. ಗುರುವಾರ ಸಂಜೆಯ ಬಸ್ಸಿಗೆ ಬನ್ನಿ. ಟ್ರಂಕಿನ ಮೂಲೆಯಲ್ಲಿ ಡಬ್ಬಿಯೊಂದು ಉಳಿದಿದೆ, ನೀವೇ ಬಂದು ಹಚ್ಚಲೆಂದು ನಾನು ಮುಚ್ಚಳ ತೆಗೆದಿಲ್ಲ.