ನಡುವೆ ಗೆರೆಯಿಲ್ಲದ ಎರಡು ಚುಕ್ಕೆಗಳು

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಮಗಳು ತೀರಿಹೋದ ಮೇಲೆ ಮೊದಲ ಸಲ ಅವಳ ಸಂಶೋಧನಾ ಸಂಸ್ಥೆಯ ಕಚೇರಿಗೆ ಬಂದಿದ್ದೇನೆ. ಇಲ್ಲಿನ ಪ್ರಯೋಗಾಲಯಕ್ಕೆ ಅವಳ ಹೆಸರಿಡಬೇಕೇ ಎಂದು ಈ ತಿಂಗಳ ಕೊನೆಗೆ ತೀರ್ಮಾನವಾಗುತ್ತದೆ. ಕಚೇರಿಯ ಮೇಡಂ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ಸಂಶೋಧಕರಿಗೆಲ್ಲ ಒಂದೊಂದು ಚುಕ್ಕೆ, ಸೇರಿ ಬರೆದವರ ನಡುವೆ ಗೆರೆ. ಒಬ್ಬರ ಲೇಖನವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಹೆಸರಿಸಿದಷ್ಟೂ ಅವರ ಚುಕ್ಕೆ ದೊಡ್ಡದಾಗುತ್ತದಂತೆ. ಅವಳಿಗೆ ಮಾತ್ರ ಎರಡು ಚುಕ್ಕೆಗಳಿವೆ, ತೌರಿನ ಹೆಸರಿನದೊಂದು, ಮದುವೆಯ ನಂತರದ ಹೆಸರಿನದೊಂದು. ಬೇರೆ ಬೇರೆಯಾಗಿ ಎರಡೂ ಸಣ್ಣವು, ಹೆಸರಿಡಲು ಯಾವುದೂ ಸಾಲದು.

“ಇಬ್ರ ಸುತ್ತಲೂ ಅದೇ ಜನ. ಆದ್ರೆ ಇವರಿಬ್ರು ಒಂದ್ಸಲನೂ ಸೇರಿ ಬರೆದಿಲ್ಲ. ಮಾತು ಬಿಟ್ಟಿದ್ರೋ ಏನೋ,” ಎಂದು ಅವರು ನಕ್ಕರು.

“ಇಬ್ರೂ ನನ್ನ ಹೆಂಡ್ತಿನೇ, ಮೇಡಂ.”

ಅವರ ನಗು ನಿಂತಿತು. “ನೀವು ಹೇಳಿದ್ರೆ ಸಾಲದು. ಅವರ ತಾಯಿ ಬರೆದುಕೊಟ್ರೆ ಸಮಿತಿ ಮುಂದೆ ಇಡ್ತೀನಿ,” ಎಂದರು.

ನನಗೆ ಊಟ ಸೇರುತ್ತಿಲ್ಲ, ಮಾತ್ರೆ ಮಾತ್ರ ತಪ್ಪಿಸಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಎರಡೂ ಹೆಸರು ಬರೆದು, ಇಬ್ಬರೂ ನನ್ನ ಒಬ್ಬಳೇ ಮಗಳು ಎಂದು ಕೆಳಗೆ ರುಜು ಹಾಕಿ ಕೂಡಲೇ ಕಳಿಸಿ.

ನಿಮ್ಮ ಅಳಿಯ