ನಿಮ್ಮ ಕುರ್ಚಿಯ ಹಿಂದಿರುವ ಅಜ್ಜಿ

ಮಾನ್ಯ ಕುಲಪತಿಗಳೇ,

ವಿಶ್ವವಿದ್ಯಾಲಯದ ಚಿತ್ರಶಾಲೆಯಿಂದ ನೀವು ಒಬ್ಬ ಅಜ್ಜಿಯನ್ನು ಎತ್ತಿಕೊಂಡು ಹೋಗಿದ್ದೀರಿ. ದಯವಿಟ್ಟು ವಾಪಸು ಕೊಡಿ. ಬಟ್ಟಲು ಹಿಡಿದು ಕುಳಿತ ಮುದುಕಿಯ ಆ ತೈಲಚಿತ್ರ ಈಗ ನಿಮ್ಮ ಕೋಣೆಯಲ್ಲಿ, ನಿಮ್ಮ ಕುರ್ಚಿಯ ಹಿಂದಿನ ಗೋಡೆಯ ಮೇಲಿದೆ. ಕೇಳಲು ಬಂದರೆ ನಿಮ್ಮ ಆಪ್ತ ಕಾರ್ಯದರ್ಶಿ, "ಅಲ್ಲಿ ಧೂಳು ತಿಂತಾ ಇತ್ತಲ್ಲ ಮೇಡಂ, ಇಲ್ಲಾದ್ರೆ ನಾಲ್ಕು ಜನ ದೊಡ್ಡೋರು ನೋಡ್ತಾರೆ" ಎಂದರು. ನೋಡಲಿ, ಬೇಡವೆಂದವರು ಯಾರು? ಆದರೆ ನಿಮ್ಮೆದುರು ಕೂತವರು ಚಿತ್ರ ನೋಡುತ್ತಾರೋ, ನಿಮ್ಮ ಮುಖ ನೋಡುತ್ತಾರೋ? ನೀವಂತೂ ದಿನವಿಡೀ ಆಕೆಗೆ ಬೆನ್ನು ಹಾಕಿಯೇ ಕೂತಿರುತ್ತೀರಿ.

ನಾನು ನಮ್ಮದೇ ನರ್ಸಿಂಗ್ ವಿಭಾಗದಲ್ಲಿ ಪಾಠ ಮಾಡುವವಳು. ಹೊಸ ಮಕ್ಕಳನ್ನು ವಾರ್ಡಿಗೆ ಕಳಿಸುವ ಮುಂಚೆ ಈ ಅಜ್ಜಿಯ ಮುಂದೆ ನೆಲದ ಮೇಲೆ ಕೂರಿಸುತ್ತಿದ್ದೆ. ಕಂಡದ್ದನ್ನು ಹೇಳಬೇಕು, ಊಹಿಸಿದ್ದನ್ನಲ್ಲ, ಪಾಠ ಇಷ್ಟೇ. ಕಳೆದ ವರ್ಷ ತರಗತಿಯ ಬಾಯಿಬಡುಕಿಯೊಬ್ಬಳು, "ಚಿತ್ರ ನೋಡಿದ್ರೆ ಇಂಜೆಕ್ಷನ್ ಕೊಡೋಕೆ ಬರುತ್ತಾ ಮೇಡಂ?" ಎಂದು ಎಲ್ಲರನ್ನೂ ನಗಿಸಿದಳು. ಆಮೇಲೆ, "ಅಜ್ಜಿ ಮುನಿಸ್ಕೊಂಡಿದೆ" ಎಂದು ತೀರ್ಪು ಕೊಟ್ಟಳು. ಮುನಿಸು ಎಲ್ಲಿ ಕಾಣಿಸಿತು, ತೋರಿಸು ಎಂದೆ. ಎದ್ದು ಚಿತ್ರದ ಹತ್ತಿರ ಹೋದಳು. ಬಹಳ ಹೊತ್ತು ನೋಡಿ, "ಮುನಿಸಲ್ಲ ಮೇಡಂ. ಬಾಯಿ ಒಂದು ಕಡೆ ಜಾರಿದೆ. ಆ ಕಡೆ ಕೈಗೆ ಬಟ್ಟಲಿನ ಮೇಲೆ ಹಿಡಿತವೇ ಇಲ್ಲ" ಎಂದು ಮೆಲ್ಲಗೆ ಹೇಳಿದಳು. ಮುಂದೊಂದು ದಿನ ವಾರ್ಡಿನಲ್ಲಿ, ಊಟ ಬೇಡವೆಂದು ಮುಖ ತಿರುಗಿಸಿ ಕುಳಿತ ಬಡಗಿಯೊಬ್ಬನನ್ನು ಎಲ್ಲರೂ ಸಿಡುಕನೆಂದು ಬಿಟ್ಟಿದ್ದಾಗ, ಇವಳು ಹತ್ತಿರ ಹೋಗಿ ನೋಡಿ ಡಾಕ್ಟರನ್ನು ಕೂಗಿದಳು. ಪಾರ್ಶ್ವವಾಯು ಶುರುವಾಗಿತ್ತು. ಆತ ಈಗ ಮತ್ತೆ ಉಳಿ ಹಿಡಿಯುತ್ತಿದ್ದಾನೆ.

ವಿಶ್ವವಿದ್ಯಾಲಯಕ್ಕೆ ಚಿತ್ರಶಾಲೆ ಯಾಕೆ ಎಂದು ಯಾವುದೋ ಸಮಿತಿ ಕೇಳಿದಾಗಲೆಲ್ಲ ಈ ಕಥೆ ಹೇಳಿದ್ದೇನೆ. ಎಲ್ಲರೂ ತಲೆದೂಗಿ, ಟೀ ಕುಡಿದು ಎದ್ದು ಹೋಗಿದ್ದಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ನಿಮ್ಮ ಕಚೇರಿಯ ಬದಲಿ ವ್ಯವಸ್ಥೆಯೂ ಬಂತು: ಅಂಗೈಯಗಲದ ಒಂದು ಫೋಟೊ, ಕೆಳಗೆ 'ಶೈಕ್ಷಣಿಕ ಬಳಕೆಗಾಗಿ' ಎಂಬ ಮುದ್ರೆ. ಅಜ್ಜಿಗೆ ಬಾಯಿ ಇದೆ ಎಂಬುದನ್ನೇ ಅದರಲ್ಲಿ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು.

ಹೊಸ ಮಕ್ಕಳು ಬರುವ ಸೋಮವಾರ ವಾರ್ಡಿಗೆ ಹೋಗುತ್ತಾರೆ. ಅಷ್ಟರೊಳಗೆ ಚಿತ್ರವನ್ನು ಅದರ ಜಾಗಕ್ಕೆ ಕಳಿಸಿ. ಆಗದಿದ್ದರೆ ನಿಮ್ಮ ಕೋಣೆಯ ಬಾಗಿಲು ತೆಗೆಸಿ. ಅಲ್ಲೇ ನೆಲದ ಮೇಲೆ ಕೂತು ಪಾಠ ಮಾಡುತ್ತೇವೆ, ನೀವು ಕುರ್ಚಿಯನ್ನು ಸ್ವಲ್ಪ ಸರಿಸಿದರೆ ಸಾಕು. ಎರಡೂ ಆಗದೆ, ನೋಡಲು ಕಲಿಯದೆಯೇ ಅವರು ಹೋದರೆ ನಿಮ್ಮನ್ನು ಯಾರೂ ದೂರುವುದಿಲ್ಲ. ಆದರೆ ನಮ್ಮಿಬ್ಬರಿಗೂ ವಯಸ್ಸಾಗುತ್ತಿದೆ, ಮಾನ್ಯರೇ. ಒಂದು ದಿನ ಆ ವಾರ್ಡಿನ ಹಾಸಿಗೆಯ ಮೇಲೆ ಮಾತು ಬಾರದೆ ಮಲಗಿರುವವರು ನೀವೇ ಆದರೆ, ಅವರಲ್ಲೊಬ್ಬ ಹುಡುಗಿ ಬಾಗಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿ, "ಸಾಹೇಬ್ರು ಆರಾಮಾಗಿದ್ದಾರೆ" ಎಂದು ಮುಂದಕ್ಕೆ ಹೋಗಿಬಿಡುತ್ತಾಳೆ.

ಇಂತಿ,
ಖಾಲಿ ಗೋಡೆಯ ಮುಂದೆ ಹಾಜರಿ ಕರೆಯುತ್ತಿರುವ
ನರ್ಸಿಂಗ್ ಶಿಕ್ಷಕಿ