ಕಣ ಸ್ವಚ್ಛವಾಗಿದೆಯೇ? ಹೌದು

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ಸೀಲಿಂಗ್ ಮಷಿನ್ ಮತ್ತೆ ಕೈಕೊಟ್ಟಿತು. ಮೆಕ್ಯಾನಿಕ್ ಬರುವವರೆಗೆ ಪ್ಯಾಕಿಂಗ್ ಹೆಂಗಸರೆಲ್ಲ ಏಲಕ್ಕಿಯ ತೊಟ್ಟು ಬಿಡಿಸುತ್ತಾ ಕೂತರು. ಮಂಡಿ ನೋವು. ಎರಡು ಸಲ ಗೋಡೌನ್ ಮೆಟ್ಟಿಲು ಹತ್ತಿದ್ದಕ್ಕೇ ಇಷ್ಟು.

ಹನ್ನೊಂದೂವರೆಗೆ ಮೇಲ್. ಬೆಂಗಳೂರಿನ ಖರೀದಿದಾರರು ನಮ್ಮ ಕಾಳುಮೆಣಸಿನ ಪುಡಿಯ ಸ್ಯಾಂಪಲನ್ನು ಲ್ಯಾಬಿಗೆ ಕೊಟ್ಟಿದ್ದರಂತೆ. ಬ್ಯಾಚ್ ಹದಿನೇಳು. ಸಾಲ್ಮೊನೆಲ್ಲಾ — ಇದೆ. ಎಷ್ಟಿದೆ ಎಂಬ ಪ್ರಶ್ನೆಯೇ ಇಲ್ಲ. ಈ ಬ್ಯಾಕ್ಟೀರಿಯಾ ಇರಲೇಬಾರದು, ಇದ್ದರೆ ಮುಗಿಯಿತು.

ಮೂರು ಸಲ ಓದಿದೆ. ಪ್ರಿಂಟ್ ತೆಗೆದು ಓನರ್ ಪ್ರಸನ್ನಕುಮಾರ್ ಅವರ ಟೇಬಲ್ ಮೇಲಿಟ್ಟೆ. ಕನ್ನಡಕ ಹಾಕಿ ಓದಿದರು, ತೆಗೆದು ಓದಿದರು.

"ಯಶೋದಾ, ಇದು ಲ್ಯಾಬ್‌ನವ್ರದ್ದೇ ಏನಾದ್ರೂ ಎಡವಟ್ಟಿರ್ಬೋದಲ್ವಾ?"

"ಇರ್ಬೋದು ಸಾರ್. ಆದ್ರೆ ಮಾಲು ಇವತ್ತಿಂದ್ಲೇ ವಾಪಸ್ ತರಿಸ್ಬೇಕು."

ಈ ಯೂನಿಟ್ಟಿನಲ್ಲಿ ಹದಿನಾಲ್ಕು ವರ್ಷದಿಂದ ಕ್ವಾಲಿಟಿ ನೋಡುತ್ತಿದ್ದೇನೆ. 'ರೀಕಾಲ್' ಎಂದು ಬರೆದ ಫೈಲನ್ನು ಬಿಚ್ಚಿದ್ದು ಇವತ್ತೇ ಮೊದಲು. ಒಳಗೆ ಎರಡು ಹಲ್ಲಿ ಮೊಟ್ಟೆ, ನಾನೇ ಬರೆದ ಒಂದು ಪುಟ. ಕೈಬರಹ ಆಗ ಎಷ್ಟು ಚೆನ್ನಾಗಿತ್ತು.

ಏಪ್ರಿಲ್ 17, ಗುರುವಾರ

ಒಟ್ಟು 1,150 ಪ್ಯಾಕೆಟ್. ಮೂವತ್ತೊಂದು ಅಂಗಡಿ, ಮೂಡಿಗೆರೆಯಿಂದ ಹೊರನಾಡಿನವರೆಗೆ. ಬೆಳಿಗ್ಗೆಯಿಂದ ಫೋನ್. ಕಿವಿ ಕಾದು ಕೆಂಡ.

ಕೆಲವರು ಬೈದರು, ಕೆಲವರು ನಕ್ಕರು. ಒಬ್ಬರು, ನಾವು ಮನೇಲಿ ತಿಂದಿದ್ದೇವೆ ಏನೂ ಆಗಿಲ್ಲ, ಸುಮ್ಮನೆ ಯಾಕೆ ಗಲಾಟೆ ಎಂದರು. ಕಳಸದ ಅಂಗಡಿ ಜಯಪ್ರಕಾಶ್ ಅಂತೂ —

"ಮೆಣಸಿಗೇ ಕಾಯ್ಲೆಯಾ ಮಾರಾಯ್ತಿ? ಕಾಯ್ಲೆ ಬಂದೋರಿಗೆ ಅಲ್ವಾ ನಾವು ಮೆಣಸು ಕೊಡೋದು!"

ಸಾರಿಗೆ ಹಾಕಿ ಕುದಿಸಿದರೆ ಸಾಯುತ್ತೆ, ಮಜ್ಜಿಗೆಗೋ ಸೌತೆಕಾಯಿಗೋ ಹಾಗೇ ಉದುರಿಸಿದರೆ ಬದುಕಿರುತ್ತೆ — ಇದನ್ನೇ ಹತ್ತೊಂಬತ್ತು ಸಲ ಹೇಳಿದೆ. ಇಪ್ಪತ್ತನೇ ಸಲಕ್ಕೆ ಗಂಟಲು ಕೈಕೊಟ್ಟಿತು. ಸಂಜೆ ಮನೆಗೆ ಬಂದು ನಾನೇ ಮೆಣಸಿನ ಕಷಾಯ ಕುಡಿದೆ. ಚೆನ್ನಾಗಿ ಕುದಿಸಿ.

ರಿಜಿಸ್ಟರ್ ತೆಗೆದು ನೋಡಿದೆ. ಹದಿನೇಳರ ಮೆಣಸು ಪೂರ್ತಿ ಮಲ್ಲಂದೂರಿನ ಕಣದ್ದು. ಫೆಬ್ರವರಿ 7, ಈ ಸೀಸನ್ನಿನ ಮೊದಲ ಹರವು. ಆ ಕಣ ನಾವೇ ಬಾಡಿಗೆಗೆ ಹಿಡಿದದ್ದು. ಒಂಬತ್ತು ವರ್ಷದಿಂದ ಒಣಗಿಸುವ ಕಾಂಟ್ರಾಕ್ಟ್ ರಾಮಮ್ಮನದು. ಹಸಿ ಮೆಣಸನ್ನು ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿಗೆ ಒಂದು ನಿಮಿಷ ಅದ್ದಿ, ಆಮೇಲೆ ನಾಲ್ಕೈದು ದಿನ ಬಿಸಿಲು. ಕುದಿನೀರಿನಲ್ಲಿ ಅದ್ದಿದ ಮೇಲೆ ಏನೂ ಉಳಿದಿರಲಿಕ್ಕಿಲ್ಲ. ಸೇರಿದ್ದರೆ ಆಮೇಲೆ ಸೇರಿರಬೇಕು. ಆಮೇಲೆ ಅಂದರೆ ಕಣ.

ಆವತ್ತು ಕಣ ನೋಡಿ ಬಂದವಳು ನಾನೇ. ಫಾರಂ ಇದೆ. ಎಲ್ಲ ಸರಿ ಇತ್ತು, ಚೆನ್ನಾಗಿ ನೆನಪಿದೆ.

ಏಪ್ರಿಲ್ 19, ಶನಿವಾರ

ವ್ಯಾನಿನಲ್ಲಿ ಕಳಸ, ಹೊರನಾಡು. ಡ್ರೈವರ್ ಉಮೇಶ್ ದಾರಿಯುದ್ದಕ್ಕೂ ಮಾತು. ನಾನು ಹೂಂಗುಟ್ಟಿದೆ ಅಷ್ಟೆ. ತಿರುವುಗಳಲ್ಲಿ ಹಿಂದಿನ ರಟ್ಟಿನ ಪೆಟ್ಟಿಗೆಗಳು ಆ ಕಡೆ ಈ ಕಡೆ.

ಹೊರನಾಡಿನಲ್ಲಿ ಬಸ್ ಸ್ಟ್ಯಾಂಡಿನ ಅಂಗಡಿಯವರು ಕೈ ಚೆಲ್ಲಿದರು. "ಯಾತ್ರೆ ಬಸ್ಸಿನೋರು ನಲ್ವತ್ತು ತಗೊಂಡೋದ್ರು ಮೇಡಂ. ಯಾವ ಊರು ಅಂತ ಕೇಳ್ಲಿಲ್ಲ." ನಲವತ್ತು ಅಡುಗೆಮನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಿದೆ ಈ ಕೆಲಸ.

ವಾಪಸ್ ಬರುವಾಗ ಕಳಸ ರಸ್ತೆಯ ಹೋಂಸ್ಟೇ, ನಮ್ಮ ಪ್ಯಾಕೆಟ್ ಕೊಂಡಿದ್ದಾರೆಂದು ಅಂಗಡಿಯವರು ಹೇಳಿದ್ದರು. ಅದನ್ನು ನಡೆಸುವವರು ಸುಬ್ಬಲಕ್ಷ್ಮಿ ಎಂಬವರು. ಅವರ ಮಾವನಿಗೆ ಎಂಬತ್ತೊಂದು. ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿ ಡ್ರಿಪ್. ವಾಂತಿ, ಭೇದಿ, ಜ್ವರ. ದಿನಾ ಮಧ್ಯಾಹ್ನ ಮಜ್ಜಿಗೆಗೆ ಮೆಣಸಿನ ಪುಡಿ ಉದುರಿಸಿಕೊಂಡೇ ಕುಡಿಯುವುದಂತೆ.

ಪ್ಯಾಕೆಟ್ ತಂದುಕೊಟ್ಟರು. ಅರ್ಧ ಖಾಲಿ. ಬಾಯಿಗೆ ಬಟ್ಟೆಯ ಕ್ಲಿಪ್ಪು.

ಬೈಯುತ್ತಾರೆಂದು ಕಾಯುತ್ತಿದ್ದೆ. ಬೈಯಲಿಲ್ಲ. ಕಾಫಿ ಕೊಟ್ಟರು. "ನೀವೇನು ಬೇಕಂತ ಮಾಡಿದ್ದಾ? ಬಿಸಿಲಲ್ಲಿ ಬಂದಿದೀರಿ, ಕುಡೀರಿ" ಎಂದರು. ಬೈದಿದ್ದರೆ ಕಾಫಿ ಇಳಿಯುತ್ತಿತ್ತು.

ಏಪ್ರಿಲ್ 20, ಭಾನುವಾರ

ಬಟ್ಟೆ ಒಗೆದೆ. ಬರೆಯಲು ಮನಸ್ಸಿಲ್ಲ.

ಏಪ್ರಿಲ್ 22, ಮಂಗಳವಾರ, ಮಧ್ಯಾಹ್ನ 3

ಓನರ್ ಜೊತೆ ಮಲ್ಲಂದೂರಿಗೆ ಹೋಗಿ ಬಂದೆ. ಸೀಸನ್ ಮುಗಿದಿದೆ. ಕಣ ಖಾಲಿ, ಮೂಲೆಯಲ್ಲಿ ಹರಿದ ಟಾರ್ಪಾಲಿನ ಸುರುಳಿ. ಹೊಸದು ಬೇಕೆಂದು ಎರಡು ವರ್ಷದಿಂದ ಓನರ್ ಹತ್ತಿರ ಕೇಳುತ್ತಿದ್ದೆ, ಇರಲಿ.

ರಾಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅರವತ್ತೆರಡಾದರೂ ಇನ್ನೂ ಓಡುವ ನಡಿಗೆ. ಓನರ್ ಕುಕ್ಕರುಗಾಲಿನಲ್ಲಿ ಕೂತು ಸಿಮೆಂಟಿನ ಬಿರುಕನ್ನು ಕಾರಿನ ಕೀಲಿಯಿಂದ ಕೆದಕಿದರು. ಒಣಗಿದ ಹಸಿರು ಚಕ್ಕೆ ಎದ್ದು ಬಂತು.

"ರಾಮಮ್ಮ, ಏನಿದು?"

"ಸಗಣಿ ಅಯ್ಯ. ಸಾರ್ಸಿದ್ದು."

"ಸಗಣೀನಾ! ತಿನ್ನೋ ಮೆಣಸು ಹರಡೋ ಜಾಗಕ್ಕಾ?"

"ತಿನ್ನೋದಂತ್ಲೇ ಅಲ್ವಾ ಸಾರ್ಸಿದ್ದು? ಮೊದಲ್ನೇ ದಿನ ಸಾರ್ಸದೆ ಬರೀ ಸಿಮೆಂಟಿನ ಮೇಲೆ ಲಕ್ಷ್ಮೀನ ಹರಡ್ತಾರಾ? ನಮ್ಮತ್ತೆ ಕಾಲ್ದಿಂದ್ಲೂ ಹಂಗೇ. ಹಳೇ ಟಾರ್ಪಾಲು ಹರ್ದೋಗಿತ್ತು, ಅದ್ಕೇ ಈ ಸಲ ನೆಲಕ್ಕೇ ಹಾಕಿದ್ದು."

"ಆವತ್ತು ಯಾರೂ ಬಂದು ನೋಡ್ಲಿಲ್ವಾ?"

ರಾಮಮ್ಮ ನನ್ನ ಮುಖ ನೋಡಿದಳು. ಒಂದೇ ಸಲ. ಆಮೇಲೆ ನೆಲ ನೋಡಿದಳು.

"ಯಾರೂ ಇರ್ಲಿಲ್ಲ ಅಯ್ಯ. ನಾನೊಬ್ಳೇ."

ನಾನು ಬಾಯಿ ಬಿಡಲಿಲ್ಲ. ಕಾರಿನಲ್ಲೂ ಬಿಡಲಿಲ್ಲ. ಓನರ್ ದಾರಿಯುದ್ದಕ್ಕೂ ಅವಳನ್ನು ಬೈಯುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ಅಲ್ಲೇನೋ ಇದೆ ಎನ್ನುವ ಹಾಗೆ.

ಏಪ್ರಿಲ್ 23, ಬುಧವಾರ, ಬೆಳಿಗ್ಗೆ 6

ಇಲ್ಲಿಯಾದರೂ ಬರೆಯಬೇಕು. ಇಲ್ಲೂ ಬರೆಯದಿದ್ದರೆ ಇನ್ನೆಲ್ಲಿ.

ಫೆಬ್ರವರಿ 7 ಶುಕ್ರವಾರ. ಒಂಬತ್ತರ ಹೊತ್ತಿಗೆ ಹೋಗಿದ್ದೆ. ಕಣ ಪೂರ್ತಿ ಸಾರಿಸಿ, ಆಗಷ್ಟೇ ಆರಿತ್ತು. ಅಂಚಿಗೆ ಒಂದೆಳೆ ರಂಗೋಲಿ. ಮೂಲೆಯಲ್ಲಿ ದಾಸವಾಳ, ಊದುಬತ್ತಿ. ಆ ವಾಸನೆ — ಅಜ್ಜಿ ಮನೆಯ ಅಂಗಳದ್ದೇ ವಾಸನೆ. ನಾನು ಚಪ್ಪಲಿ ಬಿಟ್ಟೆ. ಯಾರೂ ಹೇಳಲಿಲ್ಲ, ನಾನಾಗಿ ಬಿಟ್ಟೆ. "ಎಷ್ಟು ಲಕ್ಷಣವಾಗಿದೆ ರಾಮಮ್ಮ" ಎಂದೆ. ಅವಳ ಮುಖ ಅರಳಿತು. ಬೆಲ್ಲದ ಕಾಫಿ ಕೊಟ್ಟಳು. ಅಲ್ಲೇ ಕಟ್ಟೆಯ ಮೇಲೆ ಕೂತು ಫಾರಂ ತುಂಬಿದೆ. 'ಕಣ ಸ್ವಚ್ಛವಾಗಿದೆಯೇ?' ಹೌದು. ಟಿಕ್.

ಸೋಮಾರಿತನದಿಂದ ಟಿಕ್ ಹಾಕಿದ್ದಲ್ಲ. ಹೋಗದೆ ಹಾಕಿದ್ದಲ್ಲ. ಹೋಗಿ, ನೋಡಿ, ನನಗೆ ನಿಜವಾಗಿಯೂ ಸ್ವಚ್ಛವಾಗಿ ಕಂಡು ಹಾಕಿದ್ದು. ಬಿ.ಎಸ್ಸಿ. ಮೈಕ್ರೋಬಯಾಲಜಿ, ಫಸ್ಟ್ ಕ್ಲಾಸು. ಕಾಲೇಜಿನಲ್ಲಿ ಇದೇ ಸಗಣಿಯಿಂದ ಏನೇನು ಬೆಳೆಯುತ್ತದೆಂದು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಚಿತ್ರ ಬರೆದು, ಮಾರ್ಕ್ಸ್ ತೆಗೆದುಕೊಂಡವಳು.

ಕಣದ ಗೋಡೆಗೆ ಅಂಟಿಸಿದ ನಿಯಮಗಳೂ ನನ್ನದೇ ಬರಹ. ನಾಯಿ ಬರಬಾರದು, ಕೋಳಿ ಬರಬಾರದು, ದನ ಬಂದು ಸಗಣಿ ಹಾಕಬಾರದು. ಸಾರಿಸಬಾರದು ಎಂದು ಬರೆದಿಲ್ಲ. ಬರೆಯಬೇಕೆಂದು ಹೊಳೆಯಲೇ ಇಲ್ಲ. ದನ ಹಾಕಿದರೆ ಗಲೀಜು, ರಾಮಮ್ಮ ಹಚ್ಚಿದರೆ ಶುದ್ಧ — ಇದು ನನ್ನ ತಲೆಯಲ್ಲಿ ಯಾವ ಪುಸ್ತಕಕ್ಕೂ ಮೊದಲೇ ಕೂತಿತ್ತು.

ನಾಚಿಕೆಯಾಗುತ್ತದೆ. ಟಿಕ್ ಹಾಕಿದ್ದಕ್ಕಿಂತ ಹೆಚ್ಚು, ನಿನ್ನೆ ಸುಮ್ಮನಿದ್ದದ್ದಕ್ಕೆ.

ಏಪ್ರಿಲ್ 28, ಸೋಮವಾರ

ವಾಪಸ್ ಬಂದದ್ದು 763. ಉಳಿದದ್ದು ಜನರ ಹೊಟ್ಟೆ ಸೇರಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಿದ್ದೇವೆ.

ಬಂದದ್ದನ್ನೆಲ್ಲ ಹಿತ್ತಲಿನಲ್ಲಿ ಗುಂಡಿ ತೋಡಿ, ಸುಣ್ಣ ಸುರಿದು ಹೂತೆವು. ಸೀನಿ ಸೀನಿ ಎಲ್ಲರ ಕಣ್ಣಲ್ಲೂ ನೀರು. ಅಳಬೇಕೆಂದಿದ್ದವರಿಗೆ ಅನುಕೂಲವಾಯಿತು.

ಮಧ್ಯಾಹ್ನ ಓನರ್ ಕರೆದರು. ಆಹಾರ ಸುರಕ್ಷತಾ ಇಲಾಖೆಗೆ ವರದಿ ಕೊಡಬೇಕು, ಶುಕ್ರವಾರ ಹನ್ನೊಂದರೊಳಗೆ. ಕಾರಣ ಏನು, ಯಾರಿಂದ, ಏನು ಕ್ರಮ.

"ಬರಿಯಕ್ಕೇನಿದೆ? ಒಣಗಿಸೋರ ತಪ್ಪು, ಕಾಂಟ್ರಾಕ್ಟ್ ರದ್ದು. ಅಷ್ಟೇ."

"ಒಂಬತ್ತು ವರ್ಷದಿಂದ ಇದಾರೆ ಸಾರ್."

"ನೋಡಿ ಯಶೋದಾ. ಹೊರಗಿನೋರ ತಪ್ಪು ಅಂದ್ರೆ ಒಂದು ನೋಟಿಸಲ್ಲಿ ಮುಗೀತದೆ. ನಮ್ಮೋರೇ ನೋಡಿ ಪಾಸ್ ಮಾಡಿದ್ದು ಅಂದ್ರೆ ಲೈಸೆನ್ಸಿಗೇ ಬರ್ತದೆ. ನಿಮಗೂ ಒಳ್ಳೇದಲ್ಲ." ಕನ್ನಡಕ ತೆಗೆದಿಟ್ಟು, "ಆವತ್ತಿನ ಚೆಕಿಂಗ್ ಫಾರಂ ಇದ್ಯಾ?"

"ಹುಡುಕ್ಬೇಕು."

"ಹುಡ್ಕಿ. ಸಿಗ್ದಿದ್ರೂ ಪರ್ವಾಗಿಲ್ಲ."

ಕೆಟ್ಟ ಮನುಷ್ಯರಲ್ಲ. ನನ್ನ ಆಪರೇಷನ್ ಆದಾಗ ಎರಡು ತಿಂಗಳು ಕೆಲಸ ಕಾದಿಟ್ಟವರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡಿದ್ದಾರೆ. ಫಾರಂ ನನ್ನ ಬ್ಯಾಗಿನಲ್ಲೇ ಇದೆ. ಊಟದ ಡಬ್ಬಿಯ ಕೆಳಗೆ. ಆರು ದಿನದಿಂದ.

ಏಪ್ರಿಲ್ 30, ಬುಧವಾರ

ರಾಮಮ್ಮ ಬಂದಿದ್ದಳು. ಎರಡು ಬಸ್ಸು ಬದಲಾಯಿಸಿ. ಗೇಟಿನ ಹೊರಗೇ ನಿಂತಿದ್ದಳು, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಕಾಂಟ್ರಾಕ್ಟ್ ಹೋಗುತ್ತದೆ ಎಂಬ ಸುದ್ದಿ ಉಮೇಶನ ಬಾಯಿಂದ ತಲುಪಿದೆ.

ಮೊದಲು ಕೇಳಿದ್ದು ಅದಲ್ಲ.

"ಆಸ್ಪತ್ರೆ ಸೇರಿದ್ದ ಆ ಅಜ್ಜಯ್ಯಂಗೆ ಹೆಂಗಿದೆ ಅಮ್ಮ?"

"ಮನೆಗೆ ಬಂದ್ರಂತೆ. ಗಂಜಿ ಕುಡೀತಿದಾರಂತೆ."

"ಸದ್ಯ." ಎರಡೂ ಕೈ ಎತ್ತಿ ಹೊರನಾಡಿನ ದಿಕ್ಕಿಗೆ ಮುಗಿದಳು. "ಮೂರು ಬುಧವಾರದಿಂದ ನಿದ್ದಿಲ್ಲ ನಂಗೆ. ನನ್ ಕೈಯಿಂದ ಒಂದು ಜೀವ ಹೋಗಿದ್ರೆ?"

ಅವಳಿಗೆ ವಿಷಯ ತಿಳಿದು ಎಂಟೇ ದಿನ. ತಿದ್ದಲಿಲ್ಲ.

ಬೇಲಿಯ ಪಕ್ಕ ಕಲ್ಲಿನ ಮೇಲೆ ಕೂರಿಸಿದೆ. ಅವಳೇ ದನಿ ತಗ್ಗಿಸಿದಳು. "ನೀವು ಬಂದಿದ್ದು ನಾನು ಯಾರತ್ರನೂ ಹೇಳಲ್ಲಮ್ಮ. ನಿಮ್ಮ ಕೆಲ್ಸ ಹೋದ್ರೆ ಈ ವಯಸ್ಸಲ್ಲಿ ಎಲ್ಲಿ ಸಿಗ್ತದೆ? ನಂಗೆ ಎಸ್ಟೇಟಲ್ಲಿ ಕಳೆ ಕೀಳೋದಾದ್ರೂ ಇದೆ."

ನನಗಿಂತ ಹದಿನೈದು ವರ್ಷ ದೊಡ್ಡವಳು. ನನ್ನ ವಯಸ್ಸಿಗೆ ಮರುಗುತ್ತಿದ್ದಾಳೆ.

"ಒಂದು ಮಾತು ಕೇಳ್ಲಾ? ಸಗಣೀಲಿ ಹಂಗಿರ್ತದೆ ಅಂತ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಒಂದು ಗಳಿಗೇಲಿ ತೊಳೀತಿದ್ದೆ."

ಬೈಗುಳ ಅಲ್ಲ ಅದು. ನಿಜವಾಗಿಯೂ ತಿಳಿಯಲು ಕೇಳಿದ್ದು. ಒಂಬತ್ತು ವರ್ಷ ನಾನು ಹೇಳಿದ್ದನ್ನೆಲ್ಲ ಹೇಳಿದ ಹಾಗೆ ಮಾಡಿದವಳು.

"ನೆನಪಾಗ್ಲಿಲ್ಲ ರಾಮಮ್ಮ. ಚೆಂದ ಕಾಣ್ತು. ಅಷ್ಟೇ ಕಾಣ್ತು."

"ಆಗ್ತದೆ ಬಿಡಿ" ಎಂದಳು. ಹಪ್ಪಳದ ಕಟ್ಟನ್ನು ನನ್ನ ಕೈಗಿಟ್ಟು ಎದ್ದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಹಪ್ಪಳ ಟಾರ್ಪಾಲಿನ ಮೇಲೇ ಒಣಗ್ಸಿದ್ದು, ಹೊಸದು ತಂದು. ಹೆದರ್ಬೇಡಿ" ಎಂದಳು.

ಹೊಸ ಟಾರ್ಪಾಲು. ಕೆಲಸ ಹೋಗುವ ಸುದ್ದಿ ತಿಳಿದ ಮೇಲೆ ಕೊಂಡದ್ದು. ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಈ ಸಲ ಮೆಣಸಿನ ನೆವ ಇರಲಿಲ್ಲ.

ಮೇ 1, ಗುರುವಾರ

ರಜೆ. ಹಪ್ಪಳ ಕರಿದೆ. ತಿನ್ನಲು ಸ್ವಲ್ಪ ಹೊತ್ತು ಬೇಕಾಯಿತು. ತಿಂದೆ.

ಮೇ 2, ಶುಕ್ರವಾರ, ಬೆಳಿಗ್ಗೆ 10.20

ವರದಿಯ ಫಾರಂ ಮುಂದಿದೆ. ಉಮೇಶ್ ಕೆಳಗೆ ಗಾಡಿ ತಿರುಗಿಸಿ ನಿಲ್ಲಿಸಿದ್ದಾನೆ, ತೆಗೆದುಕೊಂಡು ಹೋಗಲು. ಚಿತ್ತು ಆಗಬಾರದೆಂದು ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ.

ಸುಸ್ತಾಗಿದೆ. ಹೆದರಿಕೆ ಆಗುವಷ್ಟೂ ಶಕ್ತಿ ಉಳಿದಿಲ್ಲ. ಅದೇ ಒಳ್ಳೆಯದಾಯಿತೇನೋ.

ಕಾರಣ: ಕಣವನ್ನು ಸಗಣಿಯಿಂದ ಸಾರಿಸಿ, ಟಾರ್ಪಾಲು ಇಲ್ಲದೆ ಮೆಣಸು ಹರಡಿದ್ದು. ಸಾರಿಸಬಾರದೆಂದು ಒಣಗಿಸುವವರಿಗೆ ಯಾರೂ ಹೇಳಿರಲಿಲ್ಲ. ಯೂನಿಟ್ಟಿನ ನಿಯಮಗಳಲ್ಲೂ ಇರಲಿಲ್ಲ.

ಹರಡುವ ಮೊದಲು ಪರಿಶೀಲನೆ ನಡೆದಿತ್ತೇ: ನಡೆದಿತ್ತು. ಫಾರಂ ಲಗತ್ತಿಸಿದೆ. (ಪಿನ್ ಹೊಡೆದೆ. ಎರಡು ಪಿನ್.)

ಮೆಟ್ಟಿಲಿನ ಮೇಲೆ ಓನರ್ ಹೆಜ್ಜೆ ಸದ್ದು. "ಯಶೋದಾ, ಆಯ್ತಾ? ಹೊತ್ತಾಯ್ತು."

ಪರಿಶೀಲಿಸಿದವರು: ಯಶೋದಾ, ಕ್ವಾಲಿಟಿ ವಿಭಾಗ. ಕಣಕ್ಕೆ ಖುದ್ದಾಗಿ ಹೋಗಿ, ಸಾರಿಸಿದ್ದನ್ನು ಕಣ್ಣಾರೆ ಕಂಡು, ಚಪ್ಪಲಿ ಬಿಟ್ಟು ನಿಂತು, ಸ್ವಚ್ಛವಾಗಿದೆ ಎಂದು ಟಿಕ್ ಹಾಕಿದವಳು.